ಗೇಟ್‌ಮನ್ ಜಡೆಪ್ಪನ ಮಣ್ಣು

“ಇನ್ನೊಂದು ಮೊಳಿ ಹೊಡೀಲೇ ಮಲ್ಲೇಶ, ಒಂದಕ್ಕ ನಿಮ್ಮಪ್ಪ ನಿಲ್ಲಂಗಿಲ್ಲ,” ಎಂದ ಅಂಜಿನಿ. ಸ್ಟೇಷನ್ನಿನಲ್ಲಿ ಜಡೆಪ್ಪನ ಜೊತೆಗೇ ನೌಕರಿ ಮಾಡಿದವನು. ಅವನ ಎರಡೂ ಕೈ ಜಡೆಪ್ಪನ ಗದ್ದಕ್ಕೆ ಆನಿಕೆಯಾಗಿದ್ದವು.

ಬೆಳಗಿನ ಆರೂವರೆ. ಐದರ ಸುಮಾರಿಗೆ ಜಡೆಪ್ಪ ನೀರು ಕೇಳಿ, ಕುಡಿದು, ಲೋಟ ಕೆಳಗಿಟ್ಟು ಹೋಗಿಬಿಟ್ಟಿದ್ದ. ಈಗ ಅವನ ಕಾಲು ಮಡಚಿ ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಲಿಂಗವಂತರ ಮನೆಯ ಹೆಣ ಮಲಗಿಕೊಂಡು ಹೋಗುವುದಿಲ್ಲ, ಕೂತೇ ಹೋಗುತ್ತದೆ, ಕೂತೇ ಮಣ್ಣು ಸೇರುತ್ತದೆ. ಮೈ ಸೆಟೆಯುವುದರೊಳಗೆ ಕೂರಿಸಬೇಕು, ವಾಲದಂತೆ ಗೋಡೆಗೆ ಮೊಳೆ ಹೊಡೆದು ಎದೆಗೂ ಹಣೆಗೂ ಬಟ್ಟೆ ಬಿಗಿಯಬೇಕು. ಮಗ ಮಲ್ಲೇಶ ಮೂಗು ಒರೆಸಿಕೊಳ್ಳುತ್ತ ಸುತ್ತಿಗೆ ಬೀಸಿದ. ಮೊದಲ ಮೊಳೆ ಡೊಂಕಾಯಿತು. ಎರಡನೆಯದು ಸಿಡಿದು ಅಡುಗೆಮನೆಯ ಹೊಸ್ತಿಲಿಗೆ ಹೋಗಿ ಬಿತ್ತು.

“ಡ್ರಿಲ್ ಮಷೀನ್ ತರಸ್ರಿ,” ಎಂದರು ಒಬ್ಬರು. “ಬ್ಯಾಡ, ಕಟ್ಟಿಗಿ ಗೂಟ ಚೊಲೋ,” ಎಂದರು ಇನ್ನೊಬ್ಬರು. ಮೂರನೆಯವರು ತಮ್ಮ ಮಾವ ಸತ್ತಾಗ ಏನು ಮಾಡಿದ್ದರೆಂದು ಹೇಳತೊಡಗಿದರು. ಸತ್ತವರ ಮನೆಯಲ್ಲಿ ಕೈಗಿಂತ ಬಾಯಿ ಹೆಚ್ಚು, ಅದು ಎಲ್ಲ ಊರಲ್ಲೂ ಇದ್ದದ್ದೇ.

ಮರುಳಸಿದ್ದಮ್ಮ ಗಂಡನ ಪಕ್ಕದಲ್ಲಿ ಕೂತಿದ್ದಳು. ಅವನ ಜೊತೆ ಐವತ್ತು ವರ್ಷ ಬಾಳ್ವೆ ಮಾಡಿದ ಹೆಂಗಸು, ಆದರೆ ಅಳುತ್ತಿರಲಿಲ್ಲ. ಅವಳ ಕಣ್ಣು ಬಾಗಿಲ ಮೇಲಿತ್ತು.

“ಅತ್ತುಬಿಡವ್ವಾ, ಎದಿ ಹಗುರಾಗ್ತತಿ,” ಎಂದಳು ಪಕ್ಕದ ಮನೆಯ ನಿಂಗಕ್ಕ.

“ಅಳ್ತೀನಿ ಬಿಡಬೇ. ಕಣ್ಣೀರೇನು ಓಡಿ ಹೋಗ್ತಾವೇನು? ಮೊದ್ಲು ಅವ ಬರ್ಲಿ.”

ಅವ ಎಂದರೆ ಯಾರೆಂದು ಓಣಿಗೆಲ್ಲ ಗೊತ್ತಿತ್ತು. ಮುರುಗೇಶ, ಅವಳ ಒಬ್ಬನೇ ತಮ್ಮ. ಮೂರು ಓಣಿ ಆಚೆ ಅವನ ಮನೆ. ಮಾಳಿಗೆ ಹತ್ತಿದರೆ ಅವನ ಮನೆಯ ಕರಿ ನೀರಿನ ಟ್ಯಾಂಕು ಕಾಣುತ್ತದೆ. ಅಷ್ಟು ಹತ್ತಿರವಿದ್ದೂ ಇಪ್ಪತ್ತೆಂಟು ವರ್ಷದಿಂದ ಅವನು ಈ ಹೊಸ್ತಿಲು ತುಳಿದಿರಲಿಲ್ಲ. ಅಕ್ಕನ ಮಗಳು ಸುನಿತಾಳ ಮದುವೆಗೆ ಬರಲಿಲ್ಲ, ಮಲ್ಲೇಶನ ಮದುವೆಗೂ ಬರಲಿಲ್ಲ. ಸಂತೆಯಲ್ಲಿ ಅಕ್ಕ ಒಬ್ಬಳೇ ಸಿಕ್ಕರೆ ನಿಂತು ಮಾತಾಡಿಸುತ್ತಿದ್ದ. ಭಾವ ಜೊತೆಗಿದ್ದರೆ ಬದನೆಕಾಯಿ ಆರಿಸುವವನಂತೆ ಬುಟ್ಟಿಗೆ ಬಗ್ಗಿಬಿಡುತ್ತಿದ್ದ. ಆ ಬದನೆಕಾಯಿ ಎಷ್ಟು ಹೊತ್ತಾದರೂ ಆರಿಸಿ ಮುಗಿಯುತ್ತಿರಲಿಲ್ಲ.

ಹೆಣ ಹೊರುವ ವಿಮಾನಕ್ಕೆ ನಾಲ್ಕು ಮೂಲೆ. ಗಂಡ ಸತ್ತ ಹೆಣ್ಣಿನ ತವರಿನವರು ಅದರಲ್ಲೊಂದು ಮೂಲೆಗೆ ಹೆಗಲು ಕೊಡಬೇಕೆಂಬುದು ಇವರ ಪೈಕಿ ರೂಢಿ. ಕೊಡದಿದ್ದರೆ ಆ ಹೆಣ್ಣಿಗೆ ತವರಿಲ್ಲ ಎಂದು ಊರಿಗೆ ಡಂಗುರ ಹೊಡೆದಂತೆ. ಅರವತ್ತೆಂಟು ವರ್ಷದ ಮರುಳಸಿದ್ದಮ್ಮನಿಗೆ ಈಗ ಬೇಕಾಗಿದ್ದದ್ದು ಅದೊಂದೇ. ತವರಿನ ಒಂದು ಹೆಗಲು.

“ಮುರುಗೇಶಗ ಹೇಳಿ ಕಳ್ಸೀರೇನು?” ಎಂದು ಅವಳು ಮಗನನ್ನು ಕೇಳಿದಳು.

ಸ್ಟೇಷನ್ ಮುಂದೆ ಆಟೋ ಓಡಿಸುವ ಲಿಂಗರಾಜ್ ಬಾಗಿಲಲ್ಲೇ ನಿಂತಿದ್ದ. “ನಾನ ಹೋಗಿದ್ನಿ ದೊಡ್ಡವ್ವ. ಹೇಳಿ ಬಂದೀನಿ.”

“ಏನಂದ?”

“ಏನೂ ಅನ್ನಲಿಲ್ಲ. ಹಲ್ಲು ತಿಕ್ಕಾಕ ಹತ್ತಿದ್ರು. ತಿಕ್ಕೋದು ನಿಲ್ಲಿಸಿದ್ರು.”

ಒಂಬತ್ತಕ್ಕೆ ಮಠದ ಅಯ್ಯನವರು ಬಂದರು. ಹಣೆ ತುಂಬ ವಿಭೂತಿ ಬಿತ್ತು, ಎಡ ಅಂಗೈಯಲ್ಲಿ ಲಿಂಗ ಕೂತಿತು. ಸುಡುಗಾಡು ರೈಲು ಹಳಿಯ ಆ ಕಡೆ. ವ್ಯಾನು ತರಿಸಿ ಮೇಲ್ಸೇತುವೆ ಹತ್ತಿ ಸುತ್ತಿ ಹೋದರೆ ಅರ್ಧ ತಾಸಿನ ದಾರಿ, ಈಗೀಗ ಎಲ್ಲರೂ ಹಾಗೇ ಹೋಗುತ್ತಾರೆ ಎಂದು ಅಯ್ಯನವರು ಸೂಚಿಸಿದರು. ಮಲ್ಲೇಶ ಒಪ್ಪಲಿಲ್ಲ.

“ನಮ್ಮಪ್ಪ ವ್ಯಾನಿನಾಗ ಹೋಗಾಂಗಿಲ್ರಿ ಅಯ್ಯನೋರ. ಹೆಗಲ ಮ್ಯಾಲೆ ಹೋಗ್ತಾನ, ಸ್ಟೇಷನ್ ಮುಂದಿಂದ ಹೋಗ್ತಾನ. ಹಳೇ ಗೇಟಿನ ಹತ್ರ ಹಳಿ ದಾಟಿದ್ರಾತು, ಹತ್ತು ಹೆಜ್ಜಿ.”

ಅಂಜಿನಿ ತಲೆ ಎತ್ತಿ ಮಲ್ಲೇಶನನ್ನು ನೋಡಿದ, ಏನೋ ಹೇಳಲು ಹೋದ. ಅಷ್ಟರಲ್ಲಿ ಸಂಡೂರಿನಿಂದ ಸುನಿತಾ ಬಂದಿಳಿದು ಅಪ್ಪನ ಕಾಲ ಮೇಲೆ ಬಿದ್ದಳು. ಮಾತು ಅಲ್ಲಿಗೇ ನಿಂತಿತು.

*

ಜಡೆಪ್ಪ ಹೊಸಪೇಟೆ ಸ್ಟೇಷನ್ನಿಗೆ ಸೇರಿದ್ದು ಮೀಟರ್ ಗೇಜಿನ ಕಾಲದಲ್ಲಿ, ನೀರು ಕೊಡುವ ಕೆಲಸಕ್ಕೆ. ಹೊಗೆಬಂಡಿ ನಿಂತಾಗ ಕಿಟಕಿಯಿಂದ ಹೊರಗೆ ಚಾಚುತ್ತಿದ್ದ ಚೊಂಬು, ತಂಬಿಗೆ, ಹಾಲಿನ ಬಾಟ್ಲಿಗಳಿಗೆ ಓಡಾಡಿ ನೀರು ಸುರಿಯಬೇಕು. ಬೇಸಿಗೆಯಲ್ಲಿ ಬಳ್ಳಾರಿ ಕಡೆಯಿಂದ ಬಂದ ಗಾಡಿಗೆ ಎಷ್ಟು ಸುರಿದರೂ ಸಾಲದು. “ನೀರಿನ ಜಡೆಪ್ಪ” ಎಂದೇ ಅವನನ್ನು ಕರೆಯುತ್ತಿದ್ದರು. ಆಮೇಲೆ ತೂಗುಹಾಕಿದ ಹಳಿಯ ತುಂಡಿಗೆ ಬಡಿದು ಗಾಡಿ ಬಂತೆಂದು ಸಾರುವ ಕೆಲಸ. ಆಗ ಸ್ಟೇಷನ್ನೆಂದರೆ ಪೇಟೆಯ ಹಿಂಬಾಗಿಲು. ಕಂಪ್ಲಿಯ ಬಾಳೆಗೊನೆ, ಬೆಲ್ಲದ ಪೆಂಟೆ, ಸಂಡೂರು ಗುಡ್ಡದ ಅದಿರು, ಎಲ್ಲವೂ ಅದೇ ಬಾಗಿಲಿನಿಂದ ಊರು ಬಿಡುತ್ತಿದ್ದವು. ಊರಿಗೆ ಬರುತ್ತಿದ್ದವರು ಬೆನ್ನಿಗೆ ಹಾಸಿಗೆಯಷ್ಟು ದೊಡ್ಡ ಚೀಲ ಕಟ್ಟಿಕೊಂಡ ಬಿಳಿಯರು. “ಹ್ಯಾಂಪಿ? ಹ್ಯಾಂಪಿ?” ಎಂದು ಅವರು ಕೇಳಿದರೆ ಜಡೆಪ್ಪ ಅಚ್ಚ ಕನ್ನಡದಲ್ಲೇ ಹೇಳುತ್ತಿದ್ದ: “ಹೊರಗ ಹೋಗ್ರಿ, ಎಡಕ್ಕ ತಿರುಗ್ರಿ, ಬಸ್ ಐತಿ.” ಅವರಿಗೂ ಅದು ಹೇಗೋ ತಿಳಿಯುತ್ತಿತ್ತು.

ಬ್ರಾಡ್ ಗೇಜ್ ಬಂದಾಗ ಅವನನ್ನು ಯಾರ್ಡಿನ ಕೊನೆಯ ಗೇಟಿಗೆ ಹಾಕಿದರು. ಒಂದು ಗೂಡಿನಂಥ ಕೋಣೆ, ಎರಡು ಬಾವುಟ, ಒಂದು ಫೋನು, ನಂಬರುಗಳ ಒಂದು ಪಟ್ಟಿ. ಗಾಡಿ ಬರುವ ಮುಂಚೆ ಗೇಟು ಹಾಕಿ, ಬೀಗ ಬಿದ್ದ ಮೇಲೆ, ಸ್ಟೇಷನ್ನಿಗೆ ಫೋನು ಮಾಡಿ ಆ ಪಟ್ಟಿಯ ಒಂದು ನಂಬರು ಹೇಳಬೇಕು. ಅದು ಗೇಟ್‌ಮನ್ನಿಗೂ ಸ್ಟೇಷನ್ ಮಾಸ್ತರರಿಗೂ ನಡುವಿನ ಭಾಷೆ. ನಂಬರು ಕಿವಿಗೆ ಬಿದ್ದ ಮೇಲೆಯೇ ಮಾಸ್ತರರು ಸಿಗ್ನಲ್ ಬಿಡುವುದು. ಒಮ್ಮೆ ಕೊಟ್ಟರೆ ಗೇಟು ಗೇಟ್‌ಮನ್ನನದಲ್ಲ, ಬರುವ ಗಾಡಿಯದು.

ತೊಂಬತ್ತೇಳರ ಬೇಸಿಗೆಯಲ್ಲಿ ಮರುಳಸಿದ್ದಮ್ಮನ ಅಪ್ಪ ತೀರಿಕೊಂಡ. ಜಡೆಪ್ಪನ ಬದಲಿ ಮನುಷ್ಯ ಜ್ವರ ಬಂದು ಮಲಗಿದ್ದ, ರಜೆ ಸಿಗಲಿಲ್ಲ. “ನೀವು ಬರ್ರಿ, ನಾನು ಗೇಟಿನ ಹತ್ರ ಕೈ ಮುಗೀತೀನಿ,” ಎಂದು ಹೇಳಿ ಅವನು ಡ್ಯೂಟಿಗೆ ಹೋಗಿದ್ದ.

ಮಧ್ಯಾಹ್ನ ಮೂರರ ಬಿಸಿಲಲ್ಲಿ ಭಜನೆಯವರು ಮುಂದೆ, ವಿಮಾನ ನಡುವೆ, ಹೆಂಗಸರು ಹಿಂದೆ. ಹೊತ್ತು ಮೀರುತ್ತದೆಂದು ಎಲ್ಲರೂ ಬಿರುಸಾಗಿ ನಡೆದಿದ್ದರು. ಗೇಟಿಗೆ ಬಂದರೆ, ಗೇಟು ಬಿದ್ದಿತ್ತು. ಗಾಡಿ ಎಲ್ಲೂ ಕಾಣುತ್ತಿರಲಿಲ್ಲ. ಹಳಿ ಉದ್ದಕ್ಕೂ ಖಾಲಿ.

“ಭಾವಾ, ತೆಗೀರಿ ಗೇಟು. ಎರಡ ನಿಮಿಷ. ದಾಟಿಬಿಡ್ತೀವಿ,” ಎಂದ ಮುರುಗೇಶ. ಅಪ್ಪನ ವಿಮಾನದ ಮುಂದಿನ ಮೂಲೆ ಅವನ ಹೆಗಲ ಮೇಲಿತ್ತು.

“ಆಗಂಗಿಲ್ಲ ಮುರುಗೇಶ. ನಂಬರ್ ಕೊಟ್ಟೀನಿ.”

“ಗಾಡಿ ಎಲ್ಲೈತಿ ಭಾವಾ?”

“ಬರ್ತತಿ. ನಂಬರ್ ಕೊಟ್ಟೀನಿ.”

ಮರುಳಸಿದ್ದಮ್ಮ ಹೆಂಗಸರ ಸಾಲಿನಲ್ಲಿ ನಿಂತು ನೋಡುತ್ತಿದ್ದಳು. ಗಂಡ ಅವಳ ಕಡೆ ಕಣ್ಣೆತ್ತಲಿಲ್ಲ. ಹತ್ತು ನಿಮಿಷ ಕಳೆಯಿತು. ಹೆಗಲು ಬದಲಿಸಿದರು, ಮತ್ತೆ ಬದಲಿಸಿದರು. ಕೊನೆಗೆ ವಿಮಾನವನ್ನು ರಸ್ತೆಯ ಮೇಲೆ ಇಳಿಸಬೇಕಾಯಿತು. ಆಮೇಲೆ ಅದಿರಿನ ಗೂಡ್ಸ್ ಬಂತು. ಬಂದದ್ದು ದಾಟಿ ಹೋಗಬಾರದೇ? ಗೇಟಿನ ಮೇಲೇ ಗಕ್ಕನೆ ನಿಂತಿತು. ನಡುವಿನ ಕೊಂಡಿ ಕಳಚಿತ್ತು. ಅದನ್ನು ಸರಿಮಾಡಿ ಗಾಡಿ ಎಳೆಯುವ ಹೊತ್ತಿಗೆ ಐವತ್ತು ನಿಮಿಷ. ಊರಲ್ಲಿ ನಾಲ್ಕು ಜನ ಎದ್ದು ನಿಂತು ಮಾತಾಡಿಸುತ್ತಿದ್ದ ಹಿರಿಯ, ಅಳಿಯನ ಗೇಟಿನ ಮುಂದೆ, ಕೆಂಪು ದೂಳಿನಲ್ಲಿ, ನೊಣ ಮುತ್ತಿಸಿಕೊಂಡು ಕೂತ. ಮಣ್ಣು ಮುಗಿಯುವಾಗ ಹೊತ್ತು ಮುಳುಗಿತ್ತು.

“ಎರಡ ನಿಮಿಷದ ಮರ್ಯಾದಿ ಕೊಡಲಿಲ್ಲ ಇವ,” ಎಂದು ಮುರುಗೇಶ ಅಂದದ್ದೇ ಕೊನೆ. ಮುಂದೆ ಮಾತಿಲ್ಲ.

ಮರುಳಸಿದ್ದಮ್ಮ ಆ ದಿನ ಮನೆಗೆ ಬಂದು ಗಂಡನನ್ನು ಕೇಳಿದ್ದಳು. ಗದರಿ ಕೇಳಿದಳು, ಅತ್ತು ಕೇಳಿದಳು, ಊಟ ಬಿಟ್ಟು ಕೇಳಿದಳು. ಅವನ ಬಾಯಿಂದ ಬಂದದ್ದು ಒಂದೇ: “ನಂಬರ್ ಕೊಟ್ಟಿದ್ದೆ.” ಆಮೇಲೆ ಅವಳು ಕೇಳುವುದು ಬಿಟ್ಟಳು. ಸಂಸಾರ ನಡೆಯಿತು. ಒಲೆ ಉರಿಯಿತು, ಮಕ್ಕಳು ಬೆಳೆದವು. ಆದರೆ ಆ ಸಿಟ್ಟು ಮಾತ್ರ ಅವಳ ಎದೆಯ ಒಂದು ಮೂಲೆಯಲ್ಲಿ ಹಾಗೇ ಕೂತಿತ್ತು. ಅದನ್ನು ಯಾರಿಗೆ ಹೇಳಿಕೊಳ್ಳುವುದು?

*

ಹತ್ತೂವರೆಗೆ ಗಂಗಾಂಬಿಕಾ ಬಂದಳು. ಮುರುಗೇಶನ ಹೆಂಡತಿ. ಬಾಗಿಲಲ್ಲೇ “ಅಯ್ಯೋ ಅಕ್ಕಾ” ಎಂದು ಕೂತುಬಿಟ್ಟಳು. ಓಣಿಯ ಹೆಂಗಸರು ಬಾಯಿ ಬಿಟ್ಟುಕೊಂಡು ನೋಡಿದರು, ಇವಳು ಈ ಮನೆಗೆ ಹೇಗೆ ಬಂದಳೆಂದು.

ಅವರಿಗೇನು ಗೊತ್ತು? ಈ ಇಬ್ಬರೂ ಇಪ್ಪತ್ತೆಂಟು ವರ್ಷದಿಂದ ವಾರಕ್ಕೊಮ್ಮೆ ಸಿಗುತ್ತಿದ್ದರು, ಸ್ಟೇಷನ್ನಿನ ಹೆಂಗಸರ ವೇಟಿಂಗ್ ರೂಮಿನಲ್ಲಿ. ಅದು ಇವರ ಮನೆಯೂ ಅಲ್ಲ, ಅವರ ಮನೆಯೂ ಅಲ್ಲ. ಅಲ್ಲಿ ಯಾರೂ ಯಾರ ಹೊಸ್ತಿಲನ್ನೂ ತುಳಿದಂತಾಗುವುದಿಲ್ಲ. ಗುಂತಕಲ್ ಗಾಡಿ ಹೋಗಿ ಹುಬ್ಬಳ್ಳಿ ಗಾಡಿ ಬರುವುದರೊಳಗೆ ಇಬ್ಬರೂ ಉಪ್ಪಿನಕಾಯಿ ಬದಲಿಸಿಕೊಂಡು, ಮಕ್ಕಳ ಸುದ್ದಿ ಹೇಳಿಕೊಂಡು, ಎರಡು ಹನಿ ಕಣ್ಣೀರು ಹಾಕಿ ಎದ್ದು ಹೋಗುತ್ತಿದ್ದರು. ಚೀಲವಿಲ್ಲದೆ ಯಾವ ಊರಿಗೂ ಹೋಗದೆ ಪ್ಲಾಟ್‌ಫಾರಂ ಟಿಕೀಟು ತೆಗೆಯುವ ಹೆಂಡತಿಯನ್ನು ಮುರುಗೇಶನೇ ಸ್ಕೂಟರಿನಲ್ಲಿ ತಂದು ಬಿಡುತ್ತಿದ್ದ, ಎಲ್ಲಿಗೆಂದು ಒಂದು ದಿನವೂ ಕೇಳದೆ. ಈ ಕಡೆ ಜಡೆಪ್ಪನೂ ಅಷ್ಟೇ. ಸೋಮವಾರ ಬಂದರೆ, “ಯಾಕ, ಇವತ್ತು ಸ್ಟೇಷನ್‌ಗೆ ಹೋಗಾಂಗಿಲ್ಲೇನು? ಗಾಡಿ ಟೈಮಿಗೆ ಐತಿ,” ಎನ್ನುತ್ತಿದ್ದ. ಗಂಡಸರ ಹಟ ಗಂಡಸರಿಗೆ. ಅದಕ್ಕೊಂದು ಕಿಟಕಿಯನ್ನೂ ಅವರೇ ಇಟ್ಟುಕೊಂಡಿರುತ್ತಾರೆ.

“ಅವ ಎಲ್ಲಿ?” ಎಂದು ಕೇಳಿದಳು ಮರುಳಸಿದ್ದಮ್ಮ.

“ಓಣಿ ಬಾಯಿಗೆ ಬಿಟ್ಟು ಹೋದ್ರಕ್ಕಾ. ಬರ್ರಿ ಅಂತ ಕಾಲು ಹಿಡ್ದೆ. ಗಾಡಿ ತಿರುಗಿಸ್ಕಂಡು ಹೋಗೇಬಿಟ್ರು.”

ಮರುಳಸಿದ್ದಮ್ಮ ಬಾಗಿಲಿನಿಂದ ಕಣ್ಣು ಕಿತ್ತಳು. ಎದೆಯೊಳಗೆ ಏನೋ ಕುಸಿದಂತಾಯಿತು. ಗಂಡ ಸತ್ತಾಗಲೂ ಹಾಗಾಗಿರಲಿಲ್ಲ.

ಹನ್ನೆರಡಕ್ಕೆ ವಿಮಾನ ಎತ್ತಿದರು. ಬಿದಿರಿನ ಗೋಪುರ, ಬಾಳೆಕಂದು, ಚೆಂಡುಹೂವು, ನೋಡುವಂತೆ ಕಟ್ಟಿದ್ದರು. ರುಮಾಲು ಸುತ್ತಿಕೊಂಡು ನಡುವೆ ಕೂತ ಜಡೆಪ್ಪ ನೌಕರಿಯಲ್ಲಿದ್ದಾಗ ಒಂದು ದಿನವೂ ಅಷ್ಟು ದೊಡ್ಡ ಮನುಷ್ಯನಾಗಿ ಕಂಡವನಲ್ಲ. ಮಲ್ಲೇಶ ಒಂದು ಮೂಲೆ, ಸುನಿತಾಳ ಗಂಡ ಒಂದು ಮೂಲೆ, ದಾಯಾದಿಯೊಬ್ಬ ಒಂದು ಮೂಲೆ. ನಾಲ್ಕನೆಯದರ ಮುಂದೆ ಎಲ್ಲರೂ ಒಂದು ಕ್ಷಣ ಮುಖ ಮುಖ ನೋಡಿಕೊಂಡರು. ಲಿಂಗರಾಜ್ ಹೋಗಿ ಹೆಗಲು ಕೊಟ್ಟ. ಒಳ್ಳೆಯ ಹುಡುಗ, ಅವನ ತಪ್ಪೇನೂ ಇಲ್ಲ. ಆದರೂ ಮರುಳಸಿದ್ದಮ್ಮನಿಗೆ ಅವನ ಮೇಲೇ ಸಿಟ್ಟು ಬಂತು.

ಸ್ಟೇಷನ್ ಮುಂದೆ ಎರಡು ನಿಮಿಷ ನಿಂತರು. ಈಗಿನ ಸ್ಟೇಷನ್ನಿಗೆ ಕಲ್ಲಿನ ಕಂಬ, ಗೋಪುರದಂಥ ನೆತ್ತಿ, ಥೇಟ್ ಹಂಪಿಯೇ. ಬಿಸಿಲಿಗೆ ಹೆದರುವವರು ಇಲ್ಲೇ ಫೋಟೋ ಹೊಡೆಸಿಕೊಂಡು ವಾಪಸು ಗಾಡಿ ಹತ್ತಬಹುದು. ಒಳಗೆ ಮೂರು ಭಾಷೆಯಲ್ಲಿ ಗಾಡಿ ಬರುವ ಸುದ್ದಿ ಮೊಳಗುತ್ತಲೇ ಇತ್ತು. ಹಮಾಲರು ಬಂದು ಕಾಲು ಮುಟ್ಟಿದರು. ಚಹಾದ ಅಂಗಡಿಯವ ಹಾರ ತಂದ. ಡ್ಯೂಟಿಯಲ್ಲಿದ್ದ ಎಳೆ ವಯಸ್ಸಿನ ಮಾಸ್ತರರು ಹೊರಗೆ ಬಂದು, ಟೊಪ್ಪಿಗೆ ಇಲ್ಲದ ತಲೆಯನ್ನು ಒಮ್ಮೆ ಮುಟ್ಟಿಕೊಂಡು, ಕೈ ಮುಗಿದು ಒಳಗೆ ಓಡಿದರು. ಗಾಡಿ ಬರುವುದಿತ್ತು.

ಅಲ್ಲಿಂದ ಹಳೇ ಗೇಟು. ಗೇಟೆಂದರೆ ಈಗ ಹೆಸರಷ್ಟೇ. ಅದನ್ನು ಮುಚ್ಚಿ ಆರು ವರ್ಷವಾಗಿತ್ತು. ರಸ್ತೆಗೆ ಅಡ್ಡ ಹಳಿಯ ತುಂಡುಗಳನ್ನು ನೆಟ್ಟಿದ್ದರು. ಪಕ್ಕದಲ್ಲಿ ಹಳಿಯ ಅಡಿಯಿಂದ ತೂರಿ ಹೋಗುವ ಕೆಳದಾರಿ, ಒಂದು ಆಟೋ ದಾಟುವಷ್ಟೇ ಎತ್ತರ. ಅದರಲ್ಲಿ ಬೇಸಿಗೆಯಲ್ಲೂ ಮೊಣಕಾಲುದ್ದ ನೀರು. ಹಾಗಾಗಿ ಜನ ನೆಟ್ಟ ತುಂಡುಗಳ ನಡುವಿನ ಸಂದಿಯಿಂದಲೇ ಹಳಿ ದಾಟುತ್ತಿದ್ದರು. ರಿಟೈರಾದ ಮೇಲೂ ಜಡೆಪ್ಪ ದಿನಾ ಬೆಳಿಗ್ಗೆ ಇಲ್ಲಿಗೆ ಬಂದು ನಿಲ್ಲುತ್ತಿದ್ದ. “ಏ, ಕಣ್ಣಿಲ್ಲೇನು? ಕೆಳಗ ದಾರಿ ಐತಿ,” ಎಂದು ದಾಟುವವರ ಮೇಲೆಲ್ಲ ಹರಿಹಾಯುತ್ತಿದ್ದ. ಪಗಾರವಿಲ್ಲದ ಗೇಟ್‌ಮನ್ ಎಂದು ಜನ ನಗುತ್ತಿದ್ದರು.

ಆ ಸಂದಿಯ ಪಕ್ಕ ಸ್ಕೂಟರು ನಿಲ್ಲಿಸಿಕೊಂಡು ಮುರುಗೇಶ ನಿಂತಿದ್ದ.

ಬಂದನಲ್ಲ! ಮರುಳಸಿದ್ದಮ್ಮ ಎರಡು ಹೆಜ್ಜೆ ಮುಂದೆ ಹೋದಳು. ಅವನು ಅಕ್ಕನನ್ನು ನೋಡಲಿಲ್ಲ. ವಿಮಾನವನ್ನು ನೋಡುತ್ತಿದ್ದ.

“ತಿರುಗಸ್ರಿ, ಸಂದ್ಯಾಗ ಒಬ್ಬೊಬ್ರ ಹೋಗ್ರಿ, ಮ್ಯಾಲೆ ಎತ್ತಿ ಹಿಡೀರಿ,” ಎಂದು ಮಲ್ಲೇಶ ಕೂಗುತ್ತಿದ್ದ.

“ನಿಲ್ಲಲೇ,” ಎಂದ ಅಂಜಿನಿ. ವಿಮಾನದ ಮುಂದೆ ಎರಡೂ ಕೈ ಅಗಲಿಸಿ ನಿಂತ. “ಎಲ್ಲಿಗೆ ಹೊಂಟಿ? ಈಗ ಎರಡು ಲೈನ್ ಅದಾವ. ಗೇಟಿಲ್ಲ, ಗೇಟ್‌ಮನ್ ಇಲ್ಲ. ಯಾವ ಗಾಡಿ ಎಲ್ಲೈತಿ ಅಂತ ಯಾರನ್ನ ಕೇಳ್ತಿ? ನಿಮ್ಮಪ್ಪನ್ನ ಹೊತ್ಕಂಡು ಹಳಿ ದಾಟ್ತಿಯೇನು?”

“ಎರಡ ನಿಮಿಷ ಕಾಕಾ. ದಾಟಿಬಿಡ್ತೀವಿ.”

ಆಗ ಮುರುಗೇಶ ಬಾಯಿ ತೆರೆದ. ಮಾತು ಜೋರಾಗಿರಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು.

“ನಾನೂ ಇದ ಮಾತು ಅಂದಿದ್ನಿ. ಇದ ಜಾಗದಾಗ. ಎರಡ ನಿಮಿಷ ಅಂತ. ಅವತ್ತು ನಮ್ಮಪ್ಪನ್ನ ಬಿಡಲಿಲ್ಲ. ಇವತ್ತು ತಾವು ಹೆಂಗ ದಾಟ್ತಾರ ನೋಡಿ ಹೋಗೂಣು ಅಂತ ಬಂದೀನಿ.”

ಭಜನೆ ನಿಂತಿತು. ಗಂಗಾಂಬಿಕಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಂಜಿನಿ ಮಾತ್ರ ಅಗಲಿಸಿದ ಕೈಗಳನ್ನು ಮೆಲ್ಲಗೆ ಇಳಿಸಿದ.

“ಆತು, ನೋಡೀಯಂತ. ಅದಕ್ಕೂ ಮೊದ್ಲು ಒಂದು ಮಾತು ಕೇಳು ಮುರುಗೇಶ. ಇಪ್ಪತ್ತೆಂಟು ವರ್ಷ ಇದನ್ನ ಹೊಟ್ಟ್ಯಾಗ ಇಟ್ಕಂಡೀನಿ, ಇನ್ನ ಆಗಾಂಗಿಲ್ಲ. ಅವತ್ತು ಸ್ಟೇಷನ್‌ನಾಗ ಮಾಸ್ತರ ಮಗ್ಗಲದಾಗ ನಿಂತಿದ್ದವ ನಾನು. ಆ ಗೂಡ್ಸ್ ಸ್ಟೇಷನ್ ಹೊರಗ ನಿಂತಿತ್ತು. ಮೊದ್ಲು ಪ್ಯಾಸೆಂಜರ್ ಬಿಡಬೇಕಿತ್ತು, ಆಮ್ಯಾಲೆ ಗೂಡ್ಸ್. ಹಂಗ ಬಿಟ್ಟಿದ್ರ ನೀವು ಬರೋ ಹೊತ್ತಿಗೇ ಸರಿಯಾಗಿ ಗೂಡ್ಸಿಗೆ ಗೇಟ್ ಬೀಳ್ತಿತ್ತು. ಜಡೆಣ್ಣ ಫೋನ್ ಮಾಡಿ ಮಾಸ್ತರಿಗೆ ಕೈಕಾಲು ಬಿದ್ದ. ‘ಸಾಹೇಬ್ರ, ನಮ್ಮ ಮಾವನ ಮಣ್ಣು ಬರ್ತತಿ. ಆ ಗೂಡ್ಸ್ ಮೊದ್ಲು ಬಿಟ್ಟುಬಿಡ್ರಿ, ಅವರು ಬರೋದ್ರಾಗ ದಾರಿ ಖುಲ್ಲಾ ಇರ್ಲಿ, ಹಿರಿ ಮನುಷ್ಯ, ಗೇಟಿನಾಗ ನಿಲ್ಲಬಾರ್ದು’ ಅಂದ.”

ಮುರುಗೇಶ ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡ.

“ಮಾಸ್ತರು ಭಾಳ ಒಳ್ಳೇ ಮನುಷ್ಯ. ಆತು ಅಂದ್ರು. ಪ್ಯಾಸೆಂಜರ್ ನಿಲ್ಲಿಸಿ ಗೂಡ್ಸ್ ಬಿಟ್ರು. ಇವ ನಂಬರ್ ಕೊಟ್ಟ. ನೀವು ಲೆಕ್ಕಕ್ಕಿಂತ ಜಲ್ದಿ ಬಂದ್ರಿ, ಆ ದರಿದ್ರದ್ದು ಗೇಟಿನ ಮ್ಯಾಲೇ ಕೊಂಡಿ ಕಳಚ್ಕಂಡು ನಿಂತು. ಆಮ್ಯಾಲೆ ಎನ್‌ಕ್ವಾಯರಿ ಬಂತು. ಪ್ಯಾಸೆಂಜರ್ ಬಿಟ್ಟು ಗೂಡ್ಸ್ ಯಾಕ ಮೊದ್ಲು ಬಿಟ್ರಿ ಅಂತ. ಖರೇ ಹೇಳಿದ್ರ ಮಾಸ್ತರ ನೌಕರಿ ಹೋಗ್ತಿತ್ತು, ಮದಿವಿ ಆಗದ ಇಬ್ರು ಹೆಣ್ಣುಮಕ್ಳು ಅವರಿಗೆ. ಜಡೆಣ್ಣ ನನ್ನ ಕೈಲೆ ತನ್ನ ಲಿಂಗ ಮುಟ್ಟಿಸಿ ಆಣಿ ತಗೊಂಡ. ಯಾರಿಗೂ ಹೇಳಬ್ಯಾಡ, ಮನ್ಯಾಗೂ ಹೇಳಬ್ಯಾಡ ಅಂತ.”

“ಮಾಸ್ತರು ಈಗಿಲ್ಲಲ್ಲ,” ಎಂದ ಮುರುಗೇಶ.

“ತೀರ್ಕಂಡು ನಾಕು ವರ್ಷ ಆತು. ಇನ್ನರ ಹೇಳು ಮಾರಾಯ ಅಂದೆ ನಾನೂ. ಏನಂದ ಗೊತ್ತೇನು? ‘ಏನಂತ ಹೇಳ್ಲಿ ಅಂಜಿನಿ? ನಿಮಗ ಒಳ್ಳೇದು ಮಾಡಾಕ ಹೋಗಿ ಹಿಂಗಾತು ಅಂತಲೇ? ಮಾವನ ಹೆಣ ಬಿಸಿಲಾಗ ಕುಂತಿದ್ದು ಖರೇನ ಅಲ್ಲೇನು?’ ಅಂದ.”

ಮರುಳಸಿದ್ದಮ್ಮ ವಿಮಾನದ ಹತ್ತಿರ ನಡೆದು ಹೋದಳು. ಅದು ಹೆಗಲ ಮೇಲಿತ್ತು, ಗಂಡನ ಮುಖ ಎತ್ತರದಲ್ಲಿತ್ತು. ಕತ್ತೆತ್ತಿ ಅವನನ್ನೇ ನೋಡಿದಳು.

“ನನಗರ ಹೇಳಬಾರ್ದಿತ್ತೇನು ನೀನು?” ಎಂದಳು. ಐವತ್ತು ವರ್ಷದಲ್ಲಿ ಗಂಡನಿಗೆ ನೀನು ಅಂದದ್ದು ಅದೇ ಮೊದಲು. “ಎದ್ರಿಗೇ ಕುಂದ್ರಿಸಿ ಉಣ್ಣಾಕ ಇಕ್ಕೀನಿ. ದಿನಾ ಇಕ್ಕೀನಿ. ಒಂದ ಒಂದು ಮಾತು, ನನಗ ಹೇಳಬಾರ್ದಿತ್ತೇನು? ಎಂಥಾ ಕಲ್ಲು ಮನುಷ್ಯ ನೀನು!”

ಆಗ ಅವಳಿಗೆ ಅಳು ಬಂತು. ಬೆಳಗಿನಿಂದ ಬಾರದ್ದು, ಅದಕ್ಕೂ ಹಿಂದಿನದೆಲ್ಲ ಸೇರಿ ಬಂತು. ನಿಂಗಕ್ಕ ತೋಳು ಹಿಡಿದಳು. ಸುನಿತಾ ಬಂದು ತಬ್ಬಿಕೊಂಡಳು. ಅತ್ತು ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಮರುಳಸಿದ್ದಮ್ಮ ಮಗನ ಕಡೆ ತಿರುಗಿದಳು.

“ಇಳಸ್ರಿ ಅವರನ್ನ.”

“ಯವ್ವಾ?”

“ವಿಮಾನ ಇಲ್ಲೇ ಬಿಡ್ರಿ. ಕುರ್ಚಿಯಾಗ ಕುಂದ್ರಿಸಿ ಕೆಳಗಿಂದ ಹೊತ್ಕಂಡು ಹೋಗೂಣು.”

“ಆ ಗಲೀಜು ನೀರಾಗ? ನಮ್ಮಪ್ಪನ್ನ? ಇಷ್ಟು ಚೆಂದ ಕಟ್ಟಿಸೀನಿ, ಜನ ಏನಂತಾರ?”

“ಏನರ ಅನ್ಲಿ. ದಿನಾ ಇಲ್ಲಿ ನಿಂತು ಮಂದಿಗೆ ಕೆಳಗಿಂದ ಹೋಗ್ರಿ ಅಂತಿದ್ರು ಅವರು. ತಾವು ಮ್ಯಾಲಿಂದ ಹೋದ್ರ ಅವರ ಮಾತಿಗೇನು ಬೆಲಿ ಉಳೀತು? ಇಳಸಪ್ಪ.”

ಅಯ್ಯನವರು ಹೌದೆಂದು ತಲೆಯಾಡಿಸಿದರು. ಚಹಾದ ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿ ಬಂತು. ಬಟ್ಟೆ ಬಿಚ್ಚಿ, ಜಡೆಪ್ಪನನ್ನು ಎತ್ತಿ ಕೂರಿಸಿ, ಮತ್ತೆ ಬಿಗಿಯುತ್ತಿದ್ದಾಗ ಅದಿರಿನ ಗೂಡ್ಸ್ ಒಂದು ಹಳಿಯ ಮೇಲೆ ಧಡಧಡ ಹಾಯ್ದು ಹೋಯಿತು. ಮಲ್ಲೇಶ ತಲೆ ತಗ್ಗಿಸಿದ.

ಕುರ್ಚಿಯ ಮುಂದಿನ ಎರಡು ಕಾಲನ್ನು ಮಲ್ಲೇಶ, ಲಿಂಗರಾಜ್ ಹಿಡಿದರು. ಹಿಂದೆ ಒಂದು ಕಡೆ ಸುನಿತಾಳ ಗಂಡ. ಇನ್ನೊಂದು ಕಡೆಗೆ ದಾಯಾದಿ ಕೈ ಹಾಕಿದ್ದ. ಯಾರೋ ಅವನ ಭುಜ ಮುಟ್ಟಿದರು. ಮುರುಗೇಶ. ಚಪ್ಪಲಿ ಬಿಟ್ಟಿದ್ದ, ಧೋತರವನ್ನು ತೊಡೆಗೆ ಎತ್ತಿ ಕಟ್ಟಿದ್ದ. ದಾಯಾದಿ ಸರಿದು ಜಾಗ ಕೊಟ್ಟ.

ಮರುಳಸಿದ್ದಮ್ಮ ತಮ್ಮನನ್ನು ನೋಡಿದಳು. ತಮ್ಮ ಇನ್ನೂ ಅವಳನ್ನು ನೋಡಲಿಲ್ಲ. ಹೋಗಲಿ, ಎಂದುಕೊಂಡಳು.

ಇಳಿಜಾರಿನಲ್ಲಿ ಮೆಲ್ಲಗೆ ಇಳಿದರು. ಒಳಗೆ ಮಬ್ಬು, ತಂಪು, ಕೆಸರಿನ ವಾಸನೆ. ನೀರು ಪಾದಕ್ಕೆ ಬಂತು, ಮೀನಖಂಡಕ್ಕೆ ಬಂತು, ಮೊಣಕಾಲಿಗೆ ಬಂತು. ಜಡೆಪ್ಪನ ಕಾಲಿಗೆ ಹೊಲಸು ನೀರು ತಾಗಬಾರದೆಂದು ನಾಲ್ವರೂ ಕುರ್ಚಿಯನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದರು. ಸರಿಯಾಗಿ ನಡುವೆ, ಮೇಲೆ ಹಳಿ ಹಾಯ್ದು ಹೋಗುವಲ್ಲಿ, ಛಾವಣಿಯ ಸಿಮೆಂಟಿನ ತೊಲೆ ಒಂದು ಗೇಣು ಕೆಳಗಿಳಿದಿತ್ತು. ಮುಂದಿನವರಿಗೆ ಅದು ಕಾಣಲಿಲ್ಲ. ರುಮಾಲು ಸುತ್ತಿದ ತಲೆ ಇನ್ನೇನು ಬಡಿಯುವುದರಲ್ಲಿತ್ತು.

“ಭಾವಾ, ತಲಿ ಜ್ವಾಕಿ,” ಎಂದ ಮುರುಗೇಶ.

ಹೆಣಕ್ಕೆ ಹೇಳಿದ. ಯಾರೂ ನಗಲಿಲ್ಲ. ಒಂದು ಕೈಯಲ್ಲಿ ಕುರ್ಚಿಯ ಭಾರ ಹಿಡಿದು, ಇನ್ನೊಂದು ಕೈಯನ್ನು ಭಾವನ ತಲೆಗೂ ತೊಲೆಗೂ ನಡುವೆ ತೂರಿಸಿದ. ಸಿಮೆಂಟು ಆ ಕೈಯನ್ನು ಉಜ್ಜಿಕೊಂಡೇ ಹಿಂದೆ ಸರಿಯಿತು. ಸೀರೆ ಎತ್ತಿ ಹಿಡಿದು ನೀರಿನಲ್ಲಿ ಹಿಂದೆ ಬರುತ್ತಿದ್ದ ಮರುಳಸಿದ್ದಮ್ಮ ಅದನ್ನು ನೋಡಿದಳು. ಆ ಕಡೆಯ ಬೆಳಕಿಗೆ ಬರುವಷ್ಟರಲ್ಲಿ ತಮ್ಮನ ಗೆಣ್ಣುಗಳ ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು. ತೊಲೆ ಮುಗಿದು, ಛಾವಣಿ ಮುಗಿದು, ಮೇಲೆ ಬರಿ ಆಕಾಶ ಬಂದಿದ್ದರೂ ಮುರುಗೇಶ ಆ ಕೈಯನ್ನು ಭಾವನ ತಲೆಯ ಮೇಲಿಂದ ತೆಗೆದಿರಲಿಲ್ಲ.